ಮುಚ್ಚಿದ ಪಂಥದಿಂದ ಹೊರಬಂದ ಹದಿಹರೆಯದವರು: ಮನೆಯವರು ಮೊದಲು ಮಾಡಬೇಕಾದದ್ದು, ಆಮೇಲೆ ಮಾಡಬೇಕಾದದ್ದು

ಹದಿನೈದು, ಹದಿನಾರು ವರ್ಷದ ಹುಡುಗನೋ ಹುಡುಗಿಯೋ ಯಾವುದೋ ಗುರುವಿನ ಆಶ್ರಮದಿಂದ, ಪ್ರಾರ್ಥನಾ ಗುಂಪಿನಿಂದ ಅಥವಾ ಊರಾಚೆಯ ಸಾಧನಾ ಕೇಂದ್ರದಿಂದ ಹೊರಬಂದು ಅಜ್ಜಿಯ ಮನೆಗೋ ಸೋದರಮಾವನ ಮನೆಗೋ ಬಂದು ಸೇರಿದಾಗ, ಮನೆಯವರಿಗೆ ಸಾಮಾನ್ಯವಾಗಿ ಎರಡು ಕೆಲಸ ತುರ್ತಾಗಿ ಕಾಣುತ್ತವೆ. ಅಲ್ಲಿ ಏನೇನಾಯಿತು ಎಂದು ಕೂರಿಸಿಕೊಂಡು ಕೇಳುವುದು ಒಂದು. ಅಲ್ಲಿ ಹೇಳಿಕೊಟ್ಟದ್ದೆಲ್ಲ ಸುಳ್ಳು ಎಂದು ತಿಳಿಹೇಳುವುದು ಇನ್ನೊಂದು. ಎರಡನ್ನೂ ಸದ್ಯಕ್ಕೆ ಬದಿಗಿಡಿ ಎಂಬುದೇ ಈ ಲೇಖನದ ಮುಖ್ಯ ಸಲಹೆ. ಕಾನೂನಿನ ರಕ್ಷಣೆ, ನಿದ್ದೆ, ಊಟ, ಕಾಗದಪತ್ರ, ಶಾಲೆ, ಒಬ್ಬಿಬ್ಬರು ಗೆಳೆಯರು ಇವೆಲ್ಲ ಮೊದಲು ಬರಬೇಕು. ನಂಬಿಕೆಯ ಚರ್ಚೆ ಕೊನೆಗೆ ಬರಲಿ, ಅದೂ ಮಗುವೇ ಎತ್ತಿದಾಗ ಮಾತ್ರ. ಈ ಕ್ರಮ ಏಕೆಂಬುದನ್ನು ಮುಂದೆ ಒಂದೊಂದಾಗಿ ವಿವರಿಸಿದೆ.

ಯಾವ ಗುಂಪುಗಳ ಬಗ್ಗೆ ಈ ಮಾತು

ಕರ್ನಾಟಕದಲ್ಲಿ ಮಠದ ಹಾಸ್ಟೆಲಿನಲ್ಲಿ ಓದಿ ಬೆಳೆದವರು ಲೆಕ್ಕವಿಲ್ಲದಷ್ಟಿದ್ದಾರೆ. ತುಮಕೂರಿನ ಸಿದ್ಧಗಂಗೆಯಂಥ ಕಡೆ ಇಂದಿಗೂ ಸಾವಿರಾರು ಮಕ್ಕಳು ಉಚಿತ ಊಟ, ವಸತಿ ಪಡೆದು ಸರ್ಕಾರಿ ಪಠ್ಯವನ್ನೇ ಓದುತ್ತಾರೆ, ಹಬ್ಬಕ್ಕೆ ಊರಿಗೆ ಹೋಗುತ್ತಾರೆ, ಬೇಡವೆನಿಸಿದರೆ ಬಿಟ್ಟು ಬೇರೆ ಶಾಲೆ ಸೇರುತ್ತಾರೆ. ಅದು ಬೇರೆ ವಿಷಯ. ಧರ್ಮ ಯಾವುದು, ದೇವರು ಯಾರು, ಗುರು ಕಾವಿ ತೊಟ್ಟಿದ್ದಾನೋ ಕೋಟು ತೊಟ್ಟಿದ್ದಾನೋ ಎಂಬುದರಿಂದ ಗುಂಪನ್ನು ಅಳೆಯಬೇಡಿ. ಬಿಟ್ಟು ಹೋಗುವ ಸ್ವಾತಂತ್ರ್ಯ ಇತ್ತೇ, ಮನೆಯವರೊಡನೆ ಒಬ್ಬರೇ ಕುಳಿತು ಮಾತನಾಡಬಹುದಿತ್ತೇ, ಪ್ರಶ್ನೆ ಕೇಳಿದವರಿಗೆ ಏನಾಗುತ್ತಿತ್ತು, ಕಾಯಿಲೆ ಬಿದ್ದಾಗ ಹೊರಗಿನ ವೈದ್ಯರಿಗೆ ತೋರಿಸುತ್ತಿದ್ದರೇ, ಶಾಲೆಗೆ ಕಳಿಸುತ್ತಿದ್ದರೇ ಎಂದು ನೋಡಿ. ಈ ಪ್ರಶ್ನೆಗಳಿಗೆ ಬರುವ ಉತ್ತರವೇ ಗುಂಪಿನ ಸ್ವರೂಪವನ್ನು ಹೇಳುತ್ತದೆ.

2017ರ ಡಿಸೆಂಬರ್‌ನಲ್ಲಿ ದೆಹಲಿಯ ರೋಹಿಣಿಯ ಆಶ್ರಮವೊಂದನ್ನು ಹೈಕೋರ್ಟಿನ ಆದೇಶದಂತೆ ಪರಿಶೀಲಿಸಿದಾಗ, ಬೀಗ ಜಡಿದ ಬಾಗಿಲುಗಳ ಒಳಗೆ ಅಪ್ರಾಪ್ತ ವಯಸ್ಸಿನ ಹುಡುಗಿಯರೂ ಸಿಕ್ಕರು. ಕೆನ್ಯಾದ ಶಕಹೋಲಾ ಕಾಡಿನಲ್ಲಿ 2023ರಲ್ಲಿ ಪಂಥವೊಂದರ ಅನುಯಾಯಿಗಳ 400ಕ್ಕೂ ಹೆಚ್ಚು ಶವಗಳನ್ನು ಹೊರತೆಗೆದರು. ಅವುಗಳಲ್ಲಿ ಮಕ್ಕಳವೂ ಇದ್ದವು. ಅಲ್ಲಿನ ಬೋಧಕ ಅದಕ್ಕೂ ವರ್ಷಗಳ ಮೊದಲಿನಿಂದಲೇ ಶಾಲೆಗೆ ಹೋಗುವುದು ಪಾಪವೆಂದು ಸಾರುತ್ತಿದ್ದ. ಎಲ್ಲ ಗುಂಪುಗಳೂ ಅಷ್ಟು ದೂರ ಹೋಗುವುದಿಲ್ಲ ನಿಜ. ಆದರೆ ಶಾಲೆ ಬಿಡಿಸುವುದು ಮತ್ತು ಮನೆಯವರಿಂದ ದೂರ ಮಾಡುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಮೊದಲ ಮೆಟ್ಟಿಲಾಗಿರುತ್ತದೆ.

ಮೊದಲ ದಿನವೇ ಮಾಡಬೇಕಾದದ್ದು: ಮಕ್ಕಳ ಕಲ್ಯಾಣ ಸಮಿತಿ

ಮನೆಯವರು ಹೆಚ್ಚಾಗಿ ತಡಮಾಡುವುದು ಇಲ್ಲಿಯೇ. ‘ನಮ್ಮ ಮನೆ ಮಗು, ನಮ್ಮ ಮನೆಗೆ ಬಂದಿದೆ, ಇದರಲ್ಲಿ ಸರ್ಕಾರಕ್ಕೇನು ಕೆಲಸ’ ಎಂದುಕೊಳ್ಳುತ್ತಾರೆ. ತಂದೆ ತಾಯಿ ಇಬ್ಬರೂ ಮಗುವಿನ ಜೊತೆಗೇ ಹೊರಬಂದಿದ್ದರೆ ಈ ಹೆಜ್ಜೆ ಅಷ್ಟು ತುರ್ತಲ್ಲ. ಆದರೆ ಅವರು ಇನ್ನೂ ಗುಂಪಿನಲ್ಲೇ ಇದ್ದು, ಮಗು ಒಂಟಿಯಾಗಿ ಚಿಕ್ಕಮ್ಮನ ಮನೆಗೋ ದೊಡ್ಡಪ್ಪನ ಮನೆಗೋ ಬಂದಿದ್ದರೆ, ಕಾನೂನಿನ ಕಣ್ಣಿನಲ್ಲಿ ಪೋಷಕರು ಅವರೇ. ನಾಳೆ ಅವರ ಕಡೆಯಿಂದ ನಿಮ್ಮ ಮೇಲೆಯೇ ಅಪಹರಣದ ದೂರು ದಾಖಲಾಗಬಹುದು. ಪೊಲೀಸರು ಬಂದು ಮಗುವನ್ನು ಕರೆದೊಯ್ದು ಪೋಷಕರಿಗೆ ಒಪ್ಪಿಸಿದರೆ ಅಲ್ಲಿಗೆ ಎಲ್ಲವೂ ಮೊದಲಿನಂತಾಯಿತು.

ಇದಕ್ಕಿರುವ ದಾರಿ 2015ರ ಬಾಲನ್ಯಾಯ ಕಾಯ್ದೆಯಲ್ಲಿದೆ. 18 ವರ್ಷ ತುಂಬದ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಯಾವುದೇ ಮಗುವನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬಹುದು. ಮಗು ತಾನಾಗಿಯೂ ಹೋಗಬಹುದು. ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಹಾಜರುಪಡಿಸಬೇಕೆಂದು ಕಾಯ್ದೆ ಹೇಳುತ್ತದೆ. ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ವಿಚಾರಣೆ ನಡೆಯುವವರೆಗೆ ಮಗುವನ್ನು ನಂಬಿಕಸ್ಥ ಬಂಧುವಿನ ಬಳಿ ಇರಿಸುವಂತೆ ಅದು ಲಿಖಿತ ಆದೇಶ ಕೊಡಬಲ್ಲದು. ಆ ಒಂದು ಹಾಳೆ ನಿಮ್ಮ ಕೈಯಲ್ಲಿದ್ದರೆ ಠಾಣೆಯಲ್ಲೂ ಶಾಲೆಯಲ್ಲೂ ಆಸ್ಪತ್ರೆಯಲ್ಲೂ ಮಾತನಾಡುವುದು ಸುಲಭ. ಸಮಿತಿಯ ಕಚೇರಿ ಎಲ್ಲಿದೆಯೆಂದು ಗೊತ್ತಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಸಮಿತಿಯ ಮುಂದೆ ಮಗುವಿನ ಮಾತನ್ನೂ ಕೇಳುತ್ತಾರೆ ಎಂಬುದನ್ನು ಮಗುವಿಗೆ ಮೊದಲೇ ತಿಳಿಸಿ. ಕಚೇರಿ, ಮೇಜು, ಫೈಲು ನೋಡಿ ತಾನೇ ತಪ್ಪು ಮಾಡಿದ್ದೇನೆಂದು ಭಾವಿಸುವ ಮಕ್ಕಳೇ ಹೆಚ್ಚು.

ಲೈಂಗಿಕ ದೌರ್ಜನ್ಯ ನಡೆದಿರುವ ಸುಳಿವು ಸಿಕ್ಕರೆ ನಿಯಮ ಬೇರೆ. 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಡುವುದೂ ಶಿಕ್ಷಾರ್ಹ. ಧಾರ್ಮಿಕ ಸಂಸ್ಥೆಯ ಆಡಳಿತದವರೋ ಸಿಬ್ಬಂದಿಯೋ ಅದೇ ಸಂಸ್ಥೆಯ ಮಗುವಿನ ಮೇಲೆ ಎಸಗಿದ ದೌರ್ಜನ್ಯವನ್ನು ಈ ಕಾಯ್ದೆ ಇನ್ನೂ ಗುರುತರವೆಂದು ಪರಿಗಣಿಸುತ್ತದೆ. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು, ಪೊಲೀಸರು ಆಗ ಸಮವಸ್ತ್ರದಲ್ಲಿರಬಾರದು, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು. ಇವು ಯಾರೋ ತೋರುವ ದಯೆಯಲ್ಲ, ಮಗುವಿನ ಹಕ್ಕು; ಕೇಳಿ ಪಡೆಯಿರಿ. ಮನೆಯಲ್ಲಿ ಅತ್ತೆ ಒಮ್ಮೆ, ಮಾವ ಒಮ್ಮೆ, ಪಕ್ಕದ ಮನೆಯವರು ಒಮ್ಮೆ ಎಂದು ಅದೇ ಕಥೆಯನ್ನು ಹೇಳಿಸಬೇಡಿ. ಮಗು ತಾನಾಗಿ ಹೇಳಿದ್ದನ್ನು ಅದರ ಮಾತಿನಲ್ಲೇ, ದಿನಾಂಕ ಹಾಕಿ, ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಗುಂಪಿನೊಳಗೆ ಹುಡುಗಿಗೆ ಮದುವೆ ಮಾಡಿಸಿದ್ದರೆ ಒಂದು ವಿಷಯ ತಿಳಿದಿರಲಿ: ಕರ್ನಾಟಕದ ತಿದ್ದುಪಡಿಯ ನಂತರ ಇಲ್ಲಿ ನಡೆದ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು.

ಟಿವಿ ವಾಹಿನಿಯವರು, ಯೂಟ್ಯೂಬಿನವರು ವಾಸನೆ ಹಿಡಿದು ಬಂದೇ ಬರುತ್ತಾರೆ. ಮಗುವಿನ ಹೆಸರು, ಮುಖ, ಶಾಲೆ ಯಾವುದನ್ನೂ ಬಹಿರಂಗಪಡಿಸಬಾರದೆಂದು ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ‘ಮುಖ ಮಸುಕು ಮಾಡುತ್ತೇವೆ’ ಎಂಬ ಮಾತಿಗೂ ಒಪ್ಪಬೇಡಿ. ಧ್ವನಿಯಿಂದಲೇ ಊರೆಲ್ಲ ಗುರುತು ಹಿಡಿಯುತ್ತದೆ.

ದೇಹ ಇನ್ನೂ ಅಲ್ಲಿಯೇ ಇರುತ್ತದೆ

ಅಮೆರಿಕದ ಟೆಕ್ಸಾಸ್‌ನ ವೇಕೊದಲ್ಲಿ 1993ರ ಫೆಬ್ರವರಿ 28ರಂದು ಬ್ರಾಂಚ್ ಡೇವಿಡಿಯನ್ ಪಂಥದ ನೆಲೆಗೆ ಮುತ್ತಿಗೆ ಬಿದ್ದಾಗ, ಮೊದಲ ಕೆಲವು ದಿನಗಳಲ್ಲಿ 21 ಮಕ್ಕಳನ್ನು ಹೊರಗೆ ಬಿಟ್ಟರು. ಅವರನ್ನು ಅಲ್ಲಿನ ಒಂದು ಮಕ್ಕಳ ಆಶ್ರಯಧಾಮದಲ್ಲಿ ಇರಿಸಿ, ಮನೋವೈದ್ಯ ಬ್ರೂಸ್ ಪೆರಿ ಅವರ ತಂಡ ನೋಡಿಕೊಂಡಿತು. ಮಕ್ಕಳು ಆಡುತ್ತಿದ್ದರು, ಉಣ್ಣುತ್ತಿದ್ದರು, ಮಾತೂ ಆಡುತ್ತಿದ್ದರು. ಆದರೆ ವಿಶ್ರಾಂತಿಯಲ್ಲಿದ್ದಾಗಲೂ ಅವರ ಹೃದಯಬಡಿತ ವಾರಗಟ್ಟಲೆ ನಿಮಿಷಕ್ಕೆ 100ರ ಮೇಲೆಯೇ ಇತ್ತು. ಆ ವಯಸ್ಸಿಗೆ ಅದು ಹೆಚ್ಚು. ಮುಖ ಶಾಂತವಾಗಿದ್ದರೂ ಒಳಗಿನ ಭಯ ಇಳಿದಿರಲಿಲ್ಲ. ಆ ತಂಡ ಗಂಟೆ ಹೊಡೆದು ಕೂರಿಸಿ ಚಿಕಿತ್ಸೆ ಕೊಡಲಿಲ್ಲ. ಏಳುವ, ಉಣ್ಣುವ, ಆಡುವ, ಮಲಗುವ ಹೊತ್ತನ್ನು ದಿನವೂ ಒಂದೇ ರೀತಿ ಇಟ್ಟಿತು. ತನಗೆ ಬೇಕೆನಿಸಿದಾಗ, ಬೇಕಾದ ದೊಡ್ಡವರ ಬಳಿ ಹೋಗಿ ಮಾತನಾಡುವ ಅವಕಾಶವನ್ನು ಮಕ್ಕಳಿಗೇ ಬಿಟ್ಟಿತು.

ನಮ್ಮ ಮನೆಗಳಲ್ಲೂ ಇದನ್ನೇ ಮಾಡಬಹುದು. ಬೆಳಿಗ್ಗೆ ಮೂರೂವರೆಗೆ ಎದ್ದು ಹಾಸಿಗೆ ಸುತ್ತಿಟ್ಟು ಗೋಡೆಯ ಪಕ್ಕ ನೆಟ್ಟಗೆ ಕುಳಿತುಬಿಡುವ ಹುಡುಗನನ್ನು ‘ಇದೇನೋ ನಾಟಕ, ಮಲಗು’ ಎಂದು ಗದರಿದರೆ ಅವನು ಮಲಗಿದಂತೆ ನಟಿಸುತ್ತಾನೆ, ಅಷ್ಟೇ. ‘ಈ ಮನೆಯಲ್ಲಿ ಆರಕ್ಕೆ ಏಳುತ್ತೇವೆ, ಅದಕ್ಕೂ ಮುಂಚೆ ಎಚ್ಚರವಾದರೆ ಅಡುಗೆಮನೆ ದೀಪ ಹಾಕಿಕೊಂಡು ಹಾಲು ಬಿಸಿಮಾಡಿಕೊ’ ಎಂದು ಹೇಳಿ ಬಿಡಿ. ಊಟದಲ್ಲೂ ಹೀಗೆಯೇ. ಕೆಲವು ಗುಂಪುಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆಗೆ ನಿಷೇಧ, ಕೆಲವೆಡೆ ದೀರ್ಘ ಉಪವಾಸ, ಮತ್ತೆ ಕೆಲವೆಡೆ ತಪ್ಪಿಗೆ ಶಿಕ್ಷೆಯಾಗಿ ಊಟ ಬಂದ್. ತಟ್ಟೆಗೆ ಬಲವಂತವಾಗಿ ಬಡಿಸಿ ‘ತಿನ್ನು, ಏನೂ ಆಗುವುದಿಲ್ಲ’ ಎಂದು ನಿಂತರೆ ನೀವೂ ಇನ್ನೊಬ್ಬ ಗುರುವೇ ಆದಂತೆ. ಎರಡು ಬಗೆಯ ಪಲ್ಯ ಮಾಡಿ ಮೇಜಿನ ಮೇಲಿಡಿ, ಬೇಕಾದ್ದನ್ನು ಹಾಕಿಕೊಳ್ಳಲಿ.

ಮೊದಲ ಒಂದೆರಡು ವಾರದೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಕರೆದೊಯ್ದು ರಕ್ತಹೀನತೆ, ಹಲ್ಲು, ಕಣ್ಣು, ತೂಕ ನೋಡಿಸಿ. 10 ಮತ್ತು 16ನೇ ವಯಸ್ಸಿಗೆ ಕೊಡುವ ಟಿಡಿ ಲಸಿಕೆ (ಧನುರ್ವಾಯು, ಗಂಟಲಮಾರಿ ತಡೆಯುವಂಥದ್ದು) ತಪ್ಪಿಹೋಗಿರುವ ಸಾಧ್ಯತೆ ಹೆಚ್ಚು, ಅದನ್ನೂ ಕೇಳಿ. ಮುಟ್ಟಿನ ವಿಷಯದಲ್ಲಿ ಪಾಪ, ಮೈಲಿಗೆ ಎಂಬ ಮಾತನ್ನಷ್ಟೇ ಕೇಳಿ ಬೆಳೆದ ಹುಡುಗಿಯರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ಕಿನ ಸಮಾಲೋಚಕಿಯ ಜೊತೆ ಒಂದು ಮಾತು ಬಹಳ ಸಹಾಯ ಮಾಡುತ್ತದೆ.

ಸಣ್ಣ ಆಯ್ಕೆಗಳಿಂದ ಶುರು ಮಾಡಿ

ಈ ಹೆಜ್ಜೆಯನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಮಟ್ಟಿಗೆ ಇದೇ ಅತಿ ಮುಖ್ಯವಾದದ್ದು. ಹದಿನಾರರ ಹುಡುಗಿಯೊಬ್ಬಳನ್ನು ಅವಳ ಚಿಕ್ಕಮ್ಮ ದಿನಸಿ ಅಂಗಡಿಗೆ ಕಳಿಸಿ ‘ನಿನಗೆ ಬೇಕಾದ ಸೋಪು ತಗೋ’ ಎಂದಿದ್ದರು. ಹುಡುಗಿ ಸೋಪಿನ ಸಾಲಿನ ಮುಂದೆ ನಿಂತು ಒಂದನ್ನು ಎತ್ತುವುದು, ಇಡುವುದು, ಇನ್ನೊಂದನ್ನು ಎತ್ತುವುದು ಮಾಡಿ, ಕೊನೆಗೆ ಅಂಗಡಿಯವರು ಏನು ಬೇಕಮ್ಮಾ ಎಂದಾಗ ಕಣ್ಣಲ್ಲಿ ನೀರು ತುಂಬಿಕೊಂಡು ಬರಿಗೈಯಲ್ಲಿ ಮನೆಗೆ ಬಂದಳು. ಅವಳ ಬುದ್ಧಿಗೆ ಏನೂ ಆಗಿರಲಿಲ್ಲ. ಏನು ಉಡಬೇಕು, ಯಾವಾಗ ಮಾತನಾಡಬೇಕು, ಯಾರ ಪಕ್ಕ ಕೂರಬೇಕು ಎಂಬುದನ್ನೆಲ್ಲ ವರ್ಷಗಟ್ಟಲೆ ಬೇರೆಯವರೇ ತೀರ್ಮಾನಿಸಿದ್ದರು. ತಪ್ಪು ಆಯ್ಕೆಗೆ ಎಲ್ಲರೆದುರು ತಪ್ಪೊಪ್ಪಿಗೆ ಮಾಡಿಸುತ್ತಿದ್ದರು. ಆದ್ದರಿಂದ ಸೋಪಿನಲ್ಲೂ ಒಂದು ಸರಿಯಾದದ್ದು ಇರಬೇಕು, ಅದನ್ನು ತಾನು ಕಂಡುಹಿಡಿಯದಿದ್ದರೆ ಏನೋ ಆಗುತ್ತದೆ ಎಂಬ ಹೆದರಿಕೆ.

ಅಂಥವರ ಮುಂದೆ ಮೊದಲು ಎರಡೇ ಆಯ್ಕೆ ಇಡಿ. ಇಡ್ಲಿಯೋ ಚಿತ್ರಾನ್ನವೋ, ನೀಲಿ ಅಂಗಿಯೋ ಹಸಿರೋ ಎಂದು ಕೇಳಿ. ಉತ್ತರ ಬಂದ ಮೇಲೆ ‘ಒಳ್ಳೆಯದನ್ನೇ ಆರಿಸಿದೆ’ ಎಂದು ಹೊಗಳಬೇಡಿ, ಹೊಗಳಿಕೆಯೂ ತೀರ್ಪೇ. ಕೆಲವು ದಿನಗಳ ಬಳಿಕ ಮೂರು ಆಯ್ಕೆ ಇಡಿ. ಆಮೇಲೆ ವಾರಕ್ಕೆ ಇಂತಿಷ್ಟು ಎಂದು ಸ್ವಲ್ಪ ಹಣ ಕೈಗೆ ಕೊಡಿ, ಲೆಕ್ಕ ಕೇಳಬೇಡಿ. ಕೆಲಸಕ್ಕೆ ಬಾರದ್ದನ್ನು ಕೊಂಡು ತಂದು, ಛೇ ಎಂದು ತನ್ನನ್ನೇ ನೋಡಿ ನಗುವಷ್ಟು ಹಗುರವಾದರೆ ಅದು ದೊಡ್ಡ ಪ್ರಗತಿ. 10 ವರ್ಷ ಮೀರಿದ ಮಕ್ಕಳು ತಾವೇ ನಡೆಸಬಹುದಾದ ಉಳಿತಾಯ ಖಾತೆಯನ್ನು ಬ್ಯಾಂಕುಗಳು ತೆರೆಯುತ್ತವೆ. ದಾಖಲೆಗಳು ಸರಿಯಾದ ಮೇಲೆ ಅದನ್ನೂ ಮಾಡಿಸಿ.

ಹೆಸರಿನ ವಿಷಯವೂ ಇಲ್ಲೇ ಬರುತ್ತದೆ. ಅನೇಕ ಗುಂಪುಗಳು ದೀಕ್ಷೆಯ ಜೊತೆ ಹೊಸ ಹೆಸರಿಡುತ್ತವೆ. ಯಾವ ಹೆಸರಿನಿಂದ ಕರೆಯಬೇಕೆಂದು ಮಗುವನ್ನೇ ಕೇಳಿ. ಹಳೆಯ ಹೆಸರು ಕೇಳಿದರೆ ಉಸಿರು ಕಟ್ಟುತ್ತದೆ ಎನ್ನುವವರೂ ಇದ್ದಾರೆ, ಹೊಸದರಲ್ಲೇ ತಾನು ಬೆಳೆದೆ ಎನ್ನುವವರೂ ಇದ್ದಾರೆ. ಮನೆಯಲ್ಲಿ ಅದು ಹೇಳಿದಂತೆ ನಡೆಯಲಿ. ಕಾಗದದಲ್ಲಿ ಮಾತ್ರ ಜನನ ಪ್ರಮಾಣಪತ್ರದ ಹೆಸರಿರಲಿ.

ಕಾಗದಪತ್ರಗಳು

ಗುಂಪುಗಳು ಮೂಲ ದಾಖಲೆಗಳನ್ನು ಇಟ್ಟುಕೊಂಡಿರುವುದು ಸಾಮಾನ್ಯ. ಜನನ ಪ್ರಮಾಣಪತ್ರದಿಂದ ಶುರು ಮಾಡಿ, ಉಳಿದದ್ದೆಲ್ಲ ಅದರ ಮೇಲೆ ನಿಲ್ಲುತ್ತದೆ. ಜನನ ನೋಂದಣಿ ಆಗಿದ್ದರೆ ನೋಂದಣಿಯಾದ ಊರಿನ ಕಚೇರಿಯಿಂದ ಇನ್ನೊಂದು ಪ್ರತಿ ಸಿಗುತ್ತದೆ. ಆಗಿಯೇ ಇಲ್ಲದಿದ್ದರೆ, ಒಂದು ವರ್ಷ ಮೀರಿದ ತಡವಾದ ನೋಂದಣಿಗೆ 2023ರ ತಿದ್ದುಪಡಿಯ ಬಳಿಕ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅವರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಹೆರಿಗೆಯಾದ ಆಸ್ಪತ್ರೆಯ ದಾಖಲೆ, ತಾಯಿಕಾರ್ಡು, ಅಂಗನವಾಡಿಯ ಪುಸ್ತಕ ಇವುಗಳಲ್ಲಿ ಏನು ಸಿಕ್ಕಿದರೂ ಒಯ್ಯಿರಿ.

ಆಧಾರ್‌ನಲ್ಲಿ ಮೊದಲು ನೋಡಬೇಕಾದದ್ದು ಅದಕ್ಕೆ ಜೋಡಿಸಿರುವ ಮೊಬೈಲ್ ಸಂಖ್ಯೆ. ಅದು ಗುಂಪಿನ ಯಾರದೋ ಸಂಖ್ಯೆಯಾಗಿದ್ದರೆ ನೀವು ಏನೇ ಮಾಡಿದರೂ ಓಟಿಪಿ ಅವರಿಗೇ ಹೋಗುತ್ತದೆ, ಮಗು ಎಲ್ಲಿ ಏನು ಮಾಡುತ್ತಿದೆ ಎಂಬ ಸುಳಿವೂ ಅದರೊಂದಿಗೆ ಹೋಗುತ್ತದೆ. ಆಧಾರ್ ಕೇಂದ್ರಕ್ಕೆ ಮಗುವನ್ನು ಕರೆದೊಯ್ದು ಮೊದಲು ಸಂಖ್ಯೆ ಬದಲಿಸಿ. 15 ತುಂಬಿದಾಗ ಮಾಡಿಸಬೇಕಾದ ಬೆರಳಚ್ಚು, ಕಣ್ಣಿನ ಗುರುತಿನ ನವೀಕರಣವನ್ನೂ ಅದೇ ದಿನ ಮುಗಿಸಿಕೊಳ್ಳಿ.

ಮನೆಯ ಖರ್ಚು ಕಷ್ಟವಾಗಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವದ ಬಗ್ಗೆ ವಿಚಾರಿಸಿ. ಅರ್ಹರಾದರೆ ಮಗುವಿನ ಪಾಲನೆಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಆದಾಯದ ಮಿತಿ ಇದೆ, ಸಮಿತಿಯ ಶಿಫಾರಸೂ ಬೇಕು.

ಮತ್ತೆ ಓದು

14 ತುಂಬದ ಮಗುವಾದರೆ ದಾರಿ ನೇರ. ಶಿಕ್ಷಣ ಹಕ್ಕು ಕಾಯ್ದೆಯಂತೆ ಅದನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದದ್ದನ್ನು ತುಂಬಲು ವಿಶೇಷ ತರಬೇತಿ ಕೊಡಬೇಕು, ವರ್ಗಾವಣೆ ಪತ್ರ ತಡವಾಯಿತೆಂದು ಅಥವಾ ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಮುಖ್ಯ ಶಿಕ್ಷಕರು ಹಿಂದೆಮುಂದೆ ನೋಡಿದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಲಿಖಿತ ಅರ್ಜಿ ಕೊಡಿ.

ಹದಿನೈದು ದಾಟಿದವರದು ಸ್ವಲ್ಪ ತೊಡಕು. ಐದನೇ ತರಗತಿಗೆ ಓದು ನಿಲ್ಲಿಸಿದ್ದ ಹದಿನಾರರ ಹುಡುಗನನ್ನು ಹನ್ನೊಂದು ವರ್ಷದವರ ಸಾಲಿನಲ್ಲಿ ಕೂರಿಸುವುದು ಅವನಿಗೆ ಶಿಕ್ಷೆಯೇ ಆಗುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್, ಇಂಥವರಿಗೆ ಒಳ್ಳೆಯ ಬಾಗಿಲು. 14 ತುಂಬಿದ್ದರೆ ಅಲ್ಲಿ ಹತ್ತನೇ ತರಗತಿಗೆ ನೋಂದಾಯಿಸಬಹುದು. ಕೆಳಗಿನ ತರಗತಿಯ ಅಂಕಪಟ್ಟಿ ಇಲ್ಲದಿದ್ದರೂ, ಓದುವ ಸಾಮರ್ಥ್ಯವಿದೆಯೆಂಬ ಸ್ವಯಂ ದೃಢೀಕರಣ ಮತ್ತು ವಯಸ್ಸಿನ ದಾಖಲೆ ಕೊಡುವ ಅವಕಾಶವಿದೆ. ನೋಂದಣಿ ಐದು ವರ್ಷ ಜೀವಂತವಾಗಿರುತ್ತದೆ, ಅಷ್ಟರಲ್ಲಿ ಒಂಬತ್ತು ಬಾರಿ ಪರೀಕ್ಷೆಗೆ ಕೂರಬಹುದು, ಎಲ್ಲ ವಿಷಯಗಳನ್ನೂ ಒಂದೇ ಸಲ ಬರೆಯಬೇಕಿಲ್ಲ. ಈ ವರ್ಷ ಒಂದೇ ವಿಷಯ ಬರೆದು, ಅದು ಪಾಸಾದ ಧೈರ್ಯದಲ್ಲಿ ಮುಂದಿನದಕ್ಕೆ ಹೋಗುವುದು ಇಂಥ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಯಾವ ಮಾಧ್ಯಮದಲ್ಲಿ ಪುಸ್ತಕ, ಪ್ರಶ್ನೆಪತ್ರಿಕೆ ಸಿಗುತ್ತದೆ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ. ಕನ್ನಡದಲ್ಲೇ ಬರೆಯಬೇಕೆಂಬ ಇಚ್ಛೆ ಬಲವಾಗಿದ್ದರೆ ಎಸ್‌ಎಸ್‌ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯನ್ನು ಹತ್ತಿರದ ಪ್ರೌಢಶಾಲೆಯಲ್ಲಿ ವಿಚಾರಿಸಿ. ಕೈಕೆಲಸದಲ್ಲಿ ಆಸಕ್ತಿಯಿದ್ದರೆ ಐಟಿಐ ಇದೆ. ಗುಂಪಿನಲ್ಲಿ ವರ್ಷಗಟ್ಟಲೆ ‘ಸೇವೆ’ಯೆಂದು ನೂರಾರು ಜನರಿಗೆ ಅಡುಗೆ ಮಾಡಿದವರು, ತೋಟ ನೋಡಿಕೊಂಡವರು, ವಿಡಿಯೊ ಎಡಿಟ್ ಮಾಡಿದವರು ಇರುತ್ತಾರೆ. ಕೂಲಿ ಕೊಡದೆ ದುಡಿಸಿಕೊಂಡದ್ದು ಅನ್ಯಾಯವೇ. ಆದರೂ ಕಲಿತ ಕೆಲಸ ಮಗುವಿನದು.

ಓದಿನ ಅಭ್ಯಾಸ ಹಿಡಿಸಲು ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ಒಳ್ಳೆಯ ಜಾಗ. ಅಲ್ಲಿ ಯಾರೂ ಪಾಠ ಒಪ್ಪಿಸು ಎನ್ನುವುದಿಲ್ಲ, ದಿನಪತ್ರಿಕೆ ಬಿಡಿಸಿಕೊಂಡು ಸುಮ್ಮನೆ ಕೂರಬಹುದು.

ಹೊಸ ತರಗತಿಯಲ್ಲಿ ‘ಇಷ್ಟು ದಿನ ಎಲ್ಲಿದ್ದೆ’ ಎಂಬ ಪ್ರಶ್ನೆ ಮೊದಲ ದಿನವೇ ಬರುತ್ತದೆ. ಉತ್ತರವನ್ನು ಮನೆಯಲ್ಲಿ ಒಟ್ಟಿಗೆ ಕುಳಿತು ಸಿದ್ಧಮಾಡಿ: ‘ದೂರದ ಹಾಸ್ಟೆಲಿನಲ್ಲಿದ್ದೆ, ಈಗ ಮಾಮನ ಮನೆಗೆ ಬಂದಿದ್ದೇನೆ.’ ಅದರಲ್ಲಿ ಸುಳ್ಳಿಲ್ಲ, ಆದರೆ ಎಲ್ಲವನ್ನೂ ಬಿಚ್ಚಿಡಬೇಕಾದ ಒತ್ತಾಯವೂ ಇಲ್ಲ. ಸಹಪಾಠಿಗಳು ಆಡುವ ಸಿನಿಮಾ, ಐಪಿಎಲ್, ರೀಲ್ಸ್ ಮಾತು ಯಾವುದೂ ತಲೆಗೆ ಹೋಗದೆ ಹುಡುಗರು ಮಂಕಾಗುತ್ತಾರೆ. ಕಬಡ್ಡಿ, ವಾಲಿಬಾಲ್, ಡೊಳ್ಳು, ನಾಟಕದಂಥ ಒಂದು ಗುಂಪಿಗೆ ಸೇರಿಸಿದರೆ ಕೈಕಾಲಿಗೆ ಕೆಲಸವಿರುವಾಗ ಮಾತು ತಾನಾಗಿ ಹುಟ್ಟುತ್ತದೆ. ಬಹಳ ಬಿಗಿಯಾದ ಶಿಸ್ತಿನ, ಒಬ್ಬರೇ ನಾಯಕರ ಮಾತು ನಡೆಯುವ ಶಿಬಿರಗಳನ್ನು ಮಾತ್ರ ಮೊದಲ ವರ್ಷ ದೂರವಿಡಿ. ಅಲ್ಲಿ ಈ ಮಕ್ಕಳು ಅತಿ ಬೇಗ ಹೊಂದಿಕೊಂಡುಬಿಡುತ್ತಾರೆ.

ಮನಸ್ಸು ಹಿಂದಕ್ಕೆ ಎಳೆದಾಗ

ಪಕ್ಕದ ಬೀದಿಯ ಧ್ವನಿವರ್ಧಕದಲ್ಲಿ ಗುಂಪಿನ ಭಜನೆಯ ಧಾಟಿಯೇ ಕೇಳಿಬರುತ್ತದೆ, ಇಲ್ಲವೇ ಯಾರದೋ ಮನೆಯ ಅಗರಬತ್ತಿ ಅದೇ ವಾಸನೆಯದು. ಪುಸ್ತಕ ಹಿಡಿದಿದ್ದ ಹುಡುಗಿಯ ಕಣ್ಣು ಒಂದೇ ಕಡೆ ನೆಡುತ್ತದೆ, ತುಟಿ ಮೆಲ್ಲಗೆ ಅಲ್ಲಾಡುತ್ತದೆ, ಕರೆದರೂ ತಕ್ಷಣ ಉತ್ತರವಿಲ್ಲ. ಗಂಟೆಗಟ್ಟಲೆ ಜಪ, ಧ್ಯಾನ ಮಾಡಿಸಿದ ಗುಂಪುಗಳಿಂದ ಬಂದವರಲ್ಲಿ ಇದು ಆಗಾಗ ಕಾಣುತ್ತದೆ. ದೆವ್ವ ಹಿಡಿದದ್ದಲ್ಲ, ಹುಚ್ಚೂ ಅಲ್ಲ. ಹೆಗಲು ಹಿಡಿದು ಅಲ್ಲಾಡಿಸಬೇಡಿ. ಎದುರಿಗೆ ಕುಳಿತು ಸಾಧಾರಣ ದನಿಯಲ್ಲಿ ಹೆಸರು ಹಿಡಿದು ಕರೆಯಿರಿ, ಇಂದು ಯಾವ ವಾರ, ಇದು ಯಾರ ಮನೆ ಎಂದು ಹೇಳಿ, ಕೈಗೆ ತಣ್ಣೀರಿನ ಲೋಟ ಕೊಡಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ. ಆಮೇಲೆ ಒಂದು ಸುತ್ತು ನಡೆದು ಬನ್ನಿ. ಯಾವುದರಿಂದ ಹೀಗಾಯಿತು ಎಂಬುದನ್ನು ಅವಳೇ ಗುರುತಿಸಿ ಬರೆದಿಟ್ಟುಕೊಂಡರೆ ಮುಂದಿನ ಸಲ ಅಷ್ಟು ದಿಗಿಲಾಗುವುದಿಲ್ಲ.

ಶಾಪದ ಭಯ ಇನ್ನೂ ಆಳದ್ದು. ಬಿಟ್ಟು ಹೋದವರಿಗೆ ಅಪಘಾತ, ಕ್ಯಾನ್ಸರ್, ವಂಶನಾಶ ಎಂದು ಹೇಳಿ ಬೆಳೆಸಿದ ಮಗುವಿಗೆ ಮೊದಲ ಜ್ವರ ಬಂದಾಗ ಅದು ಗುರುದ್ರೋಹದ ಫಲವಾಗಿಯೇ ಕಾಣುತ್ತದೆ. ‘ಅದೆಲ್ಲ ಮೂಢನಂಬಿಕೆ’ ಎಂಬ ಒಂದು ಮಾತಿಗೆ ಅದು ಹೋಗುವುದಿಲ್ಲ. ಜ್ವರಕ್ಕೆ ವೈದ್ಯರು ಹೇಳಿದ ಕಾರಣವೇನು, ಅದೇ ವಾರ ಬೀದಿಯಲ್ಲಿ ಇನ್ನೆಷ್ಟು ಜನರಿಗೆ ಬಂದಿದೆ, ಗುಂಪಿನೊಳಗೆ ಇದ್ದವರಿಗೆ ಕಾಯಿಲೆ ಬರುತ್ತಿರಲಿಲ್ಲವೇ ಎಂದು ಮಗುವೇ ಯೋಚಿಸಲು ಬಿಡುವುದು ವಾಸಿ. ಈ ಭಯ ಕಂಡ ಬಂಧುಗಳು ಒಳ್ಳೆಯ ಮನಸ್ಸಿನಿಂದಲೇ ತಾಯಿತ ಕಟ್ಟಿಸಲು, ಶುದ್ಧೀಕರಣ ಮಾಡಿಸಲು, ಇನ್ನೊಬ್ಬ ಗುರುಗಳ ಪಾದಕ್ಕೆ ಹಾಕಲು ಹೊರಡುತ್ತಾರೆ. ದಯವಿಟ್ಟು ತಡೆಯಿರಿ. ಒಂದು ಹಗ್ಗ ಬಿಚ್ಚಿ ಇನ್ನೊಂದು ಕಟ್ಟಿದಂತಾಗುತ್ತದೆ.

ಎರಡು ವಾರ ಕಳೆದರೂ ನಿದ್ದೆಯಿಲ್ಲದಿದ್ದರೆ, ಊಟ ಬಿಟ್ಟರೆ, ತನ್ನನ್ನೇ ಗಾಯಮಾಡಿಕೊಂಡರೆ, ಇಲ್ಲದವರ ದನಿ ಕೇಳಿಸುತ್ತದೆ ಎಂದರೆ ಮನೋವೈದ್ಯರ ಬಳಿ ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರು ಸಿಗುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿ ಉಚಿತವಾಗಿ ಮಾತನಾಡಬಹುದು. ಸಾಯುವ ಮಾತು ಬಂದರೆ ನಾಳೆಗೆ ಮುಂದೂಡಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಆಗಲೇ ಕರೆ ಮಾಡಿ, ಅಪಾಯ ಕಣ್ಣೆದುರೇ ಇದ್ದರೆ 112ಕ್ಕೆ ಮಾಡಿ.

ಒಳಗೆ ಉಳಿದವರು

ಅಮ್ಮ ಅಲ್ಲೇ ಇದ್ದಾಳೆ, ತಮ್ಮ ಅಲ್ಲೇ ಇದ್ದಾನೆ, ಹತ್ತು ವರ್ಷ ಒಂದೇ ಚಾಪೆ ಹಂಚಿಕೊಂಡ ಗೆಳತಿಯೂ ಅಲ್ಲೇ ಇದ್ದಾಳೆ. ಅವರಿಗಾಗಿ ಮಗು ಅಳುತ್ತದೆ. ಗುರುವಿಗಾಗಿಯೂ ಅಳಬಹುದು, ಅದನ್ನು ಕಂಡು ಮನೆಯವರಿಗೆ ರೇಗುತ್ತದೆ. ಅಲ್ಲಿ ಒಳ್ಳೆಯ ದಿನಗಳೂ ಇದ್ದವು ಎಂದು ಹೇಳಲು ಮಗುವಿಗೆ ಅವಕಾಶ ಕೊಡಿ. ಅಮ್ಮನನ್ನು ಮಗುವಿನೆದುರು ಬೈಯಬೇಡಿ. ಅಮ್ಮನಿಗೆ ಪತ್ರ ಬರೆಯಬೇಕೆಂದು ಮಗುವಿಗೆ ಅನಿಸಿದರೆ ಬರೆಯಲಿ. ವಿಳಾಸ, ಶಾಲೆಯ ಹೆಸರು ಬೇಡ, ವಾದವೂ ಬೇಡ, ‘ನಾನು ಚೆನ್ನಾಗಿದ್ದೇನೆ, ನಿನ್ನ ನೆನಪಾಗುತ್ತದೆ’ ಎಂಬಷ್ಟು ಸಾಕು. ಮುಂದೆ ಅಮ್ಮ ಹೊರಬರುವ ಮನಸ್ಸು ಮಾಡಿದರೆ ಅವಳಿಗೆ ನೆನಪಾಗುವುದು ಆ ಪತ್ರವೇ. ಮಗುವನ್ನು ಅಲ್ಲಿಗೆ ಸೇರಿಸಿ ಈಗ ತಾವೂ ಹೊರಬಂದ ತಂದೆತಾಯಿಯರಿಗೆ ಒಂದು ಮಾತು: ಒಮ್ಮೆ ನೇರವಾಗಿ ಕ್ಷಮೆ ಕೇಳಿ. ದಿನವೂ ಕೇಳಬೇಡಿ. ದಿನವೂ ಕೇಳಿದರೆ ನಿಮ್ಮನ್ನು ಸಮಾಧಾನಪಡಿಸುವ ಕೆಲಸ ಮಗುವಿನ ಪಾಲಿಗೆ ಬರುತ್ತದೆ.

ಗುಂಪಿನಿಂದ ಕರೆಗಳು ಬಂದರೆ ವಾದಕ್ಕಿಳಿಯದೆ, ಸಂದೇಶಗಳನ್ನು ಅಳಿಸದೆ ತೆಗೆದಿಡಿ. ದೇವರ ಕೋಪಕ್ಕೆ ಗುರಿಯಾಗುತ್ತೀಯೆಂದು ನಂಬಿಸಿ ಒಬ್ಬರಿಂದ ಏನನ್ನಾದರೂ ಮಾಡಿಸುವುದು ಭಾರತೀಯ ನ್ಯಾಯ ಸಂಹಿತೆಯ 354ನೇ ಕಲಮಿನಂತೆ ಅಪರಾಧ. ಬೆದರಿಕೆಗೆ 351ನೇ ಕಲಮಿದೆ. ಠಾಣೆಯಲ್ಲಿ ಇದನ್ನು ಹೇಳಿ ದೂರು ಕೊಡಿ. ಶಾಲೆಯ ಮುಖ್ಯ ಶಿಕ್ಷಕರಿಗೆ, ಮಗುವನ್ನು ಯಾರ ಜೊತೆ ಕಳಿಸಬಹುದು, ಯಾರ ಜೊತೆ ಕಳಿಸಬಾರದು ಎಂಬುದನ್ನು ಸಮಿತಿಯ ಆದೇಶದ ನಕಲಿನೊಂದಿಗೆ ಬರೆದು ಕೊಡಿ.

ನಂಬಿಕೆಯ ಮಾತು

1970ರ ದಶಕದ ಅಮೆರಿಕದಲ್ಲಿ ಮಕ್ಕಳನ್ನು ಪಂಥಗಳಿಂದ ಬಿಡಿಸಲು ಹತಾಶ ತಂದೆತಾಯಿಯರು ಹಣ ಕೊಟ್ಟು ಜನರನ್ನು ಗೊತ್ತುಮಾಡಿ, ಅಪಹರಿಸಿ ತರಿಸಿ, ಕೋಣೆಯಲ್ಲಿ ಕೂಡಿಹಾಕಿ, ದಿನಗಟ್ಟಲೆ ವಾದಿಸಿ ನಂಬಿಕೆ ‘ಅಳಿಸುವ’ ಪದ್ಧತಿಯೊಂದು ಬೆಳೆದಿತ್ತು. ಟೆಡ್ ಪ್ಯಾಟ್ರಿಕ್ ಎಂಬಾತ ಅದಕ್ಕೆ ಹೆಸರಾಗಿದ್ದ, ಜೈಲಿಗೂ ಹೋದ. ಆ ಪದ್ಧತಿಯನ್ನು ಆ ಕ್ಷೇತ್ರದವರು ಬಹಳ ಹಿಂದೆಯೇ ಕೈಬಿಟ್ಟರು. ಕೂಡಿಹಾಕಿ ಒಪ್ಪಿಸುವುದು ಗುಂಪು ಮಾಡುತ್ತಿದ್ದ ಕೆಲಸವೇ. ನಮ್ಮಲ್ಲಿ ಅದರ ಸಣ್ಣ ರೂಪ ಊಟದ ಹೊತ್ತಿನ ಉಪನ್ಯಾಸ, ಗುರುವಿನ ಬಗ್ಗೆ ಬಂದ ವರದಿಯನ್ನು ಮೊಬೈಲಿನಲ್ಲಿ ಹಿಡಿದು ‘ನೋಡು ನಿಮ್ಮ ಸ್ವಾಮಿ’ ಎನ್ನುವುದು.

ಮಗು ತಾನಾಗಿ ಕೇಳುವ ದಿನ ಬಂದಾಗ ನೆರವಾಗುವುದು ಗುಂಪುಗಳು ಹೇಗೆ ನಡೆಯುತ್ತವೆ ಎಂಬ ತಿಳಿವಳಿಕೆ. ಚೀನಾದಲ್ಲಿ ಮನಃಪರಿವರ್ತನೆಗೆ ಗುರಿಯಾದವರನ್ನು ಸಂದರ್ಶಿಸಿ ಮನೋವೈದ್ಯ ರಾಬರ್ಟ್ ಲಿಫ್ಟನ್ 1961ರಲ್ಲಿ ಎಂಟು ಲಕ್ಷಣಗಳನ್ನು ಗುರುತಿಸಿದ್ದರು: ಹೊರಗಿನ ಸುದ್ದಿಯ ನಿಯಂತ್ರಣ, ಪರಿಶುದ್ಧತೆಯ ಅತಿ ಒತ್ತಾಯ, ತಪ್ಪೊಪ್ಪಿಗೆ, ಪ್ರಶ್ನೆಯನ್ನು ಮುಚ್ಚಿಹಾಕುವ ಸಿದ್ಧಪದಗಳು ಅವುಗಳಲ್ಲಿ ಸೇರಿವೆ. ತನ್ನ ಗುರುವಿನ ಹೆಸರಿಲ್ಲದ ಆ ಪಟ್ಟಿಯನ್ನು ಮಗು ತಾನೇ ಹೋಲಿಸಿ ನೋಡಬಹುದು. ಹೋಲಿಸಿದ ಮೇಲೂ ಪೂಜೆ, ಜಪ, ಪ್ರಾರ್ಥನೆ ಬಿಡದಿದ್ದರೆ ಅದು ಅದರ ಇಷ್ಟ. ದೇವರನ್ನು ಉಳಿ‌ಸಿಕೊಂಡು ಗುರುವನ್ನು ಬಿಟ್ಟವರೂ ಇದ್ದಾರೆ, ಎರಡನ್ನೂ ಬಿಟ್ಟವರೂ ಇದ್ದಾರೆ.

ಹದಿನೆಂಟು ತುಂಬುವ ಮೊದಲು

18 ತುಂಬಿದ ದಿನದಿಂದ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಆಸರೆ ಇರುವುದಿಲ್ಲ, ತಂದೆತಾಯಿಯ ಹಿಡಿತವೂ ಇರುವುದಿಲ್ಲ. ಬಾಲಮಂದಿರದಂಥ ಸಂಸ್ಥೆಯಲ್ಲಿದ್ದು ಹೊರಬರುವವರಿಗೆ 21ರವರೆಗೆ ಅನುಪಾಲನೆಯ ನೆರವು ಸಿಗಬಹುದು. ಅದರ ಅರ್ಜಿಯ ಬಗ್ಗೆ ಕೆಲವು ತಿಂಗಳ ಮೊದಲೇ ಮಕ್ಕಳ ರಕ್ಷಣಾ ಘಟಕದಲ್ಲಿ ಮಾತನಾಡಿ. ಬ್ಯಾಂಕ್ ಖಾತೆಯನ್ನು ವಯಸ್ಕರ ಖಾತೆಯಾಗಿ ಬದಲಿಸಿ, ಮತದಾರರ ಪಟ್ಟಿಗೆ ಹೆಸರು ಸೇರಿಸಿ.

ಈ ಹೊತ್ತಿಗೆ ಕೆಲವರು ‘ಒಮ್ಮೆ ಹೋಗಿ ಅಮ್ಮನನ್ನು ನೋಡಿ ಬರುತ್ತೇನೆ’ ಎನ್ನುತ್ತಾರೆ. ಬೇಡವೆಂದು ಬಾಗಿಲು ಹಾಕಿದರೆ ಹೇಳದೆ ಹೋಗುತ್ತಾರೆ. ಆಶ್ರಮದ ಒಳಗೆ ಬೇಡ, ಹತ್ತಿರದ ಪೇಟೆಯ ಹೋಟೆಲಿನಲ್ಲೋ ಬಸ್ ನಿಲ್ದಾಣದಲ್ಲೋ ಭೇಟಿಯಾಗಲಿ ಎಂದು ಒಪ್ಪಿಸಿ. ಜೊತೆಗೆ ಒಬ್ಬರು ಹೋಗಿ ಸ್ವಲ್ಪ ದೂರದಲ್ಲಿ ಕೂರಲಿ, ಅದೇ ದಿನದ ಹಿಂದಿರುಗುವ ಟಿಕೆಟ್ ಮೊದಲೇ ಕೊಂಡಿರಲಿ, ಫೋನ್ ಕಿತ್ತುಕೊಂಡರೂ ಕರೆ ಮಾಡಲು ಮನೆಯ ಒಂದು ಸಂಖ್ಯೆ ಬಾಯಿಪಾಠವಾಗಿರಲಿ. ಜನನ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮನೆಯಲ್ಲೇ ಇರಲಿ; ಆಧಾರ್‌ನ ನಕಲೊಂದನ್ನು ಮಾತ್ರ ಒಯ್ಯಲಿ.